ಮೂರು ಮೂಲೆಯ ನಕ್ಷತ್ರಗಳು

ನಮ್ಮ ಊರಿನಲ್ಲಿ ಮಧ್ಯಾಹ್ನ ಊಟವಾದ ಮೇಲೆ ಕತ್ತಲಾಗುತ್ತದೆ. ಮೋಡದ ಕತ್ತಲಲ್ಲ, ಗ್ರಹಣವೂ ಅಲ್ಲ, ನಕ್ಷತ್ರ ಕಾಣುವಂಥ ಅಚ್ಚ ಕತ್ತಲು. ಒಂದು ಒಳ್ಳೆಯ ನಿದ್ದೆ ತೆಗೆಯುವಷ್ಟು ಹೊತ್ತು ಇದ್ದು ಹೋಗುತ್ತದೆ. ಆಮೇಲೆ ಮತ್ತೆ ಬಿಸಿಲು, ಸಂಜೆ ಬೇರೆ ಊರುಗಳ ಹಾಗೆಯೇ ಸೂರ್ಯ ಮುಳುಗುವುದು. ರಾತ್ರಿ ನಮಗೆ ಒಂದು ನಕ್ಷತ್ರವೂ ಕಾಣದು, ರಾತ್ರಿಯೇನಿದ್ದರೂ ಮಲಗುವುದಕ್ಕೆ. ಮಧ್ಯಾಹ್ನದ್ದನ್ನು ನಾವು ನಡುಗತ್ತಲು ಎನ್ನುತ್ತೇವೆ. ಹೊರಗಿನಿಂದ ಬಂದ ಸೊಸೆಯರು ಮೊದಮೊದಲು ತಾರಸಿಯ ಮೇಲೆ ಒಣಹಾಕಿದ ಹಪ್ಪಳ ಒಳಗೆ ತರಲು ಎದ್ದುಬಿದ್ದು ಓಡುತ್ತಾರೆ, ಸ್ವಲ್ಪ ದಿನ ಕಳೆದರೆ ಹಪ್ಪಳ ಅಲ್ಲೇ ಬಿಟ್ಟು ಅವರೂ ಮಲಗುತ್ತಾರೆ. ಕೋಳಿಗಳು ದಿನಕ್ಕೆರಡು ಸಲ ಗೂಡು ಸೇರುತ್ತವೆ, ಹುಂಜ ಎರಡು ಸಲ ಕೂಗುತ್ತದೆ. ಬಸ್ಸಿನ ಡ್ರೈವರು ಊರ ಗಡಿ ದಾಟುವಾಗ ದೀಪ ಹಾಕಲು ಮರೆತರೆ ಒಳಗೆ ಕೂತವರೇ ಬಯ್ದು ಹಾಕಿಸುತ್ತಾರೆ.

ಈ ಕತ್ತಲಿನ ದೆಸೆಯಿಂದ ನಮಗೊಂದು ಪದ್ಧತಿ ಬಂದಿದೆ, ಅದನ್ನು ಹೇಳಿಕೊಳ್ಳಲು ನಮಗೆ ಯಾವತ್ತೂ ಸಂಕೋಚವಿಲ್ಲ. ಮಗು ಹುಟ್ಟಿದ ಮೇಲೆ ಬರುವ ಮೊದಲ ನಡುಗತ್ತಲಿನಲ್ಲಿ ನೆತ್ತಿಯ ಮೇಲಿನ ಆಕಾಶದ ಫೋಟೊ ತೆಗೆದು, ಕಟ್ಟು ಹಾಕಿಸಿ, ಆ ಮನೆಯ ನಡುಮನೆಯಲ್ಲಿ ತೂಗುಹಾಕುತ್ತೇವೆ. ಅದು ಆ ಮಗುವಿನ ಹುಟ್ಟುಚಿತ್ರ. ಯಾರ ಮನೆಗೆ ಹೋದರೂ ನೀರು ಕೊಡುವ ಮೊದಲು ಹುಟ್ಟುಚಿತ್ರ ತೋರಿಸುತ್ತಾರೆ, ಬಂದವರು ಚೆನ್ನಾಗಿದೆ ಎಂದ ಮೇಲೆಯೇ ಕೂರುತ್ತಾರೆ. ಆ ಚಿತ್ರ ತೆಗೆಯುವವಳು ನಾನು. ಹಳೆಯ ಹತ್ತಿ ಗಿರಣಿಯ ತಾರಸಿಯ ಮೇಲೆ ಊರಿನ ದುರ್ಬೀನಿದೆ. ಒಬ್ಬರು ಒಳಗೆ ಕುಕ್ಕರಗಾಲಲ್ಲಿ ಕೂರಬಹುದಾದಷ್ಟು ಅಗಲದ ಕೊಳವೆ, ಅದರ ತಳದಲ್ಲಿ ಬೆಳಕು ಹಿಡಿಯುವ ದೊಡ್ಡ ಕನ್ನಡಿ, ಮೇಲ್ತುದಿಯ ಪಕ್ಕದಲ್ಲಿ ಕ್ಯಾಮೆರಾ, ಆಕಾಶ ಸರಿದಂತೆ ಕೊಳವೆಯನ್ನೂ ಸರಿಸಲು ಒಂದು ಮೋಟಾರು. ಗಿರಣಿ ನಿಂತು ಎಷ್ಟೋ ಕಾಲವಾಯಿತು, ಆದರೂ ನಾನು ಮನೆಯಿಂದ ಹೊರಟರೆ ಜನ "ಗಿರಣಿಗಾ, ದಾಕ್ಷಿ?" ಎಂದೇ ಕೇಳುವುದು.

ಆ ಕನ್ನಡಿ ನಮ್ಮವ್ವನದು. ಅವಳು ಕೊಂಡದ್ದಲ್ಲ, ಉಜ್ಜಿದ್ದು. ಒಂದು ದಪ್ಪ ಗಾಜಿನ ಬಿಲ್ಲೆಯನ್ನು ಪೀಪಾಯಿಯ ಮೇಲೆ ಕೂರಿಸಿ, ಅದರ ಮೇಲೆ ಇನ್ನೊಂದನ್ನಿಟ್ಟು, ನಡುವೆ ಒದ್ದೆ ಸಾಣೆಪುಡಿ ಹಾಕಿ, ಪೀಪಾಯಿಯ ಸುತ್ತ ನಡೆಯುತ್ತಾ ಮೇಲಿನ ಗಾಜು ತಟ್ಟೆಯಷ್ಟು ಕುಳಿಯಾಗುವವರೆಗೆ ಉಜ್ಜಿದಳು. ಕೊನೆಯ ನುಣುಪು ಕೊಡುವ ದಿನಗಳಲ್ಲಿ ಒಂದು ಕಣ ಧೂಳು ಬಿದ್ದರೂ ಗೀರಾಗುತ್ತದೆಂದು ಮನೆಯಲ್ಲಿ ಕಸ ಗುಡಿಸುವುದೇ ಬಂದಾಗಿತ್ತಂತೆ. ಬಂದವರು ಮೊಣಕಾಲಿನವರೆಗೆ ತೊಳೆದುಕೊಂಡು ಒಳಗೆ ಕಾಲಿಡಬೇಕಿತ್ತು, ಅಪ್ಪ ಬೀಡಿ ಸೇದಲು ಪಕ್ಕದ ಬೀದಿಗೆ ಹೋಗುತ್ತಿದ್ದ. ಅವ್ವನ ಹೆಸರು ಸರ್ವಮಂಗಳ. ವಿನಯ ಎನ್ನುವುದು ಅವಳ ಹತ್ತಿರಕ್ಕೂ ಸುಳಿದಿಲ್ಲ. ಹಬ್ಬದಲ್ಲಿ, ತಿಥಿಯಲ್ಲಿ, ನಲ್ಲಿಯ ಸಾಲಿನಲ್ಲಿ, ಎಲ್ಲಿ ನಿಂತರೂ ಮಾತನ್ನು ತಿರುಗಿಸಿ ತನ್ನ ಕನ್ನಡಿಗೆ ತರುತ್ತಾಳೆ. ನನಗೆ ಚಿಕ್ಕಂದಿನಲ್ಲಿ ಅದರ ಮೇಲೆ ಹೊಟ್ಟೆಕಿಚ್ಚಿತ್ತು. ನನ್ನ ಬಗ್ಗೆ ಅವಳು ಯಾರ ಎದುರೂ ಹಾಗೆ ಮಾತಾಡಿದ್ದು ನಾನು ಕೇಳಿರಲಿಲ್ಲ.

ಕನ್ನಡಿಯನ್ನು ಕೊಳವೆಯ ತಳಕ್ಕೆ ಕೂರಿಸಿದ ದಿನ ಊರಿಗೆ ಊರೇ ತಾರಸಿಯ ಮೇಲಿತ್ತು. ಕನ್ನಡಿಯ ಅಂಚನ್ನು ಮೂರು ಕಡೆ ಕ್ಲಿಪ್ಪುಗಳು ಹಿಡಿದಿರುತ್ತವೆ, ಕ್ಲಿಪ್ಪಿನಡಿ ರಬ್ಬರು, ಮೇಲೆ ಸ್ಕ್ರೂ. ಎಲ್ಲ ಸರಿಯಾಗಿ ಕೂತ ಮೇಲೂ ಅವ್ವ ಸ್ಕ್ರೂಡ್ರೈವರ್ ಕಿತ್ತುಕೊಂಡು, "ನನ್ನ ಕನ್ನಡಿ ಯಾವ ಕಾಲಕ್ಕೂ ಅಲ್ಲಾಡಬಾರದು" ಎಂದು ಕೂಗಿ, ಒಂದು ಸ್ಕ್ರೂವನ್ನು ಮತ್ತಿಷ್ಟು ಬಿಗಿದಳು. ಜನ ಚಪ್ಪಾಳೆ ತಟ್ಟಿದರು. ಮರುವರ್ಷ ಅದೇ ದಿನ ಕೊಳವೆ ಒರೆಸಿ ಹೂ ಮುಡಿಸುವಾಗ, ಊರಿನ ಅರ್ಧ ಹೆರಿಗೆಗಳನ್ನು ಮಾಡಿಸಿದ ಸೂಲಗಿತ್ತಿ ರೆಹಮತ್ ಬೀ ಕೈಯಲ್ಲಿ ಒಂದು ಸುತ್ತು ಬಿಗಿಸಿದರು. ಅದರ ಮುಂದಿನ ವರ್ಷ ಬಾವಿಗೆ ಬಿದ್ದ ಮಗುವನ್ನು ಎತ್ತಿದವರಿಗೆ ಆ ಅವಕಾಶ. ಹೀಗೆ ಶುರುವಾದದ್ದು ಸುತ್ತಿನ ಮರ್ಯಾದೆ. ಶಾಲು, ಹಣ್ಣಿನ ಬುಟ್ಟಿ ಯಾವ ಊರಲ್ಲಿಲ್ಲ? ನಮ್ಮಲ್ಲಿ ದೊಡ್ಡವರೆನಿಸಿಕೊಂಡವರು ಕನ್ನಡಿಯ ಸ್ಕ್ರೂ ಬಿಗಿಯುತ್ತಾರೆ. ಮದುವೆಯ ಮಾತುಕತೆಯಲ್ಲಿ ಹುಡುಗನ ಅಜ್ಜ ಸುತ್ತು ಬಿಗಿದವರು ಎಂದರೆ ಮುಂದಿನ ವಿಚಾರಣೆಯೇ ಇಲ್ಲ. ಕೆಲವರು ಸುಮ್ಮನೆ ಮುಟ್ಟಿ ಕಣ್ಣಿಗೊತ್ತಿಕೊಂಡು ಬರುತ್ತಾರೆ. ಗರಡಿ ಮನೆಯ ಪೈಲ್ವಾನ ಷಡಕ್ಷರಿಯಂಥವರು ಹಲ್ಲು ಕಚ್ಚಿ, ಭುಜ ಕೊಟ್ಟು ಬಿಗಿಯುತ್ತಾರೆ.

ನಕ್ಷತ್ರಗಳಿಗೆ ಮೂಲೆ ಬಂದದ್ದು ಯಾವಾಗ ಎಂದು ಯಾರೂ ಹೇಳಲಾರರು. ಹಳೆಯ ಹುಟ್ಟುಚಿತ್ರಗಳಲ್ಲಿ ನಕ್ಷತ್ರ ದುಂಡಗಿದೆ, ಆಮೇಲಿನವುಗಳಲ್ಲಿ ಸ್ವಲ್ಪ ಸೊಟ್ಟಗಿದೆ, ಈಚಿನವುಗಳಲ್ಲಿ ಒಂದೊಂದಕ್ಕೂ ಮೂರು ಮೂಲೆ ನೆಟ್ಟಗೆ ಎದ್ದು ಕಾಣುತ್ತದೆ. ಮೆಲ್ಲಗೆ ಬಂದದ್ದರಿಂದ ದಿನವೂ ನೋಡುವ ನಮಗೆ ಅದು ಕಾಣಲಿಲ್ಲ. ಕಂಡದ್ದು ಬೀಗರಿಗೆ. ದುರ್ಬೀನು ಸಮಿತಿಯ ಅಧ್ಯಕ್ಷರಾದ ಬಟ್ಟೆ ಅಂಗಡಿಯ ಫಾಲಾಕ್ಷಪ್ಪನವರ ಮನೆಯಲ್ಲಿ ಮಗಳ ನಿಶ್ಚಿತಾರ್ಥ. ಹುಡುಗನ ಕಡೆಯ ದೊಡ್ಡಪ್ಪನೊಬ್ಬ ಗೋಡೆಯ ಮೇಲಿದ್ದ ಮೊಮ್ಮಗನ ಹುಟ್ಟುಚಿತ್ರದ ಮುಂದೆ ನಿಂತು, "ಇದೇನ್ ಯಜಮಾನ್ರೇ, ನಿಮ್ಮೂರ ಆಕಾಶದ ತುಂಬ ಯಾರೋ ಸಮೋಸ ಎರಚಿದ್ದಾರಲ್ಲ!" ಎಂದುಬಿಟ್ಟ. ಬಂದವರೆಲ್ಲ ಗೊಳ್ಳೆಂದರು. ಫಾಲಾಕ್ಷಪ್ಪನವರು ನಗಲೂ ಆಗದೆ ಬಯ್ಯಲೂ ಆಗದೆ ಅಡುಗೆಮನೆಗೆ ಹೋಗಿ ನಿಂತರು. ಅವತ್ತು ಸಂಜೆಯೇ ಊರಿನ ಮನೆಮನೆಯಲ್ಲಿ ಜನ ಗೋಡೆಯ ಚಿತ್ರ ಇಳಿಸಿ ಮೂಲೆ ಎಣಿಸಿದರು.

ಸಮಿತಿ ಸೇರಿತು. ಕನ್ನಡಿ ಹಳೆಯದಾಯಿತು, ಪೇಟೆಯಿಂದ ಹೊಸದು ತರಿಸೋಣ, ಹಳೆಯದನ್ನು ಸಭಾಂಗಣದ ಗಾಜಿನ ಬೀರುವಿನಲ್ಲಿ ಹಾರ ಹಾಕಿ ಇಡೋಣ ಎಂದು ಫಾಲಾಕ್ಷಪ್ಪನವರು ಮೆತ್ತಗಿನ ದನಿಯಲ್ಲಿ ಹೇಳಿದರು. ಕನ್ನಡಿ ಕೂರಿಸಿದ ವಾರ್ಷಿಕದ ದಿನವೇ ಬದಲಾವಣೆ ಎಂದೂ ತೀರ್ಮಾನವಾಯಿತು. ಅವ್ವ ಎದ್ದು ನಿಂತಳು. "ಹಾರ ಹಾಕೋದು ಸತ್ತೋರ ಫೋಟೋಕ್ಕೆ, ಫಾಲಾಕ್ಷಪ್ಪನೋರೇ. ನನ್ನ ಕನ್ನಡಿಗೆ ಏನೂ ಆಗಿಲ್ಲ. ಆಗಿರೋದು ಫೋಟೋ ತೆಗಿಯೋಳ ಕೈಗೆ. ಇವಳಿಗೆ ಒಂದು ಬಿಂದಿಗೆನೇ ತುಳುಕಿಸದೆ ತರೋಕೆ ಬರಲ್ಲ." ಅಷ್ಟೂ ಜನ ನನ್ನನ್ನು ನೋಡಿದರು. ಹೆತ್ತ ತಾಯಿ ಗಾಜನ್ನು ಉಳಿಸಿಕೊಳ್ಳಲು ಮಗಳನ್ನು ಬಿಟ್ಟುಕೊಟ್ಟಳಲ್ಲ ಎಂದು ನನಗೆ ಕೋಪ ಉಕ್ಕಿತು. ಮನೆಗೆ ಬಂದ ಮೇಲೆ ನೋಡಿದರೆ ಅವಳು ಊಟ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕನ್ನಡಿ ಕೆಳಗಿಳಿದರೆ ನಮ್ಮವ್ವ ಎದ್ದು ಓಡಾಡುವ ಹೆಂಗಸಾಗಿ ಉಳಿಯುವುದಿಲ್ಲ ಎಂದು ನನಗೆ ಆಗ ಹೊಳೆಯಿತು. ಕೋಪ ಹೋಗಲಿಲ್ಲ, ಆದರೆ ಅದರ ಪಕ್ಕದಲ್ಲಿ ಭಯವೂ ಬಂದು ಕೂತಿತು.

ನಾನು ಮೊದಲು ನನ್ನ ಕೈಯನ್ನೇ ಅನುಮಾನಿಸಿದೆ. ಮೋಟಾರು ತಡವರಿಸುತ್ತಿದ್ದರೆ ನಕ್ಷತ್ರಗಳೆಲ್ಲ ಒಂದೇ ಕಡೆಗೆ ಎಳೆದು ಜೀರಿಗೆಯ ಹಾಗೆ ಉದ್ದವಾಗಬೇಕು. ಹಾಗಿರಲಿಲ್ಲ. ಆದರೂ ಅದರ ಹಲ್ಲುಗಾಲಿಗಳನ್ನು ಬಿಚ್ಚಿ, ಹಳೆಯ ಗ್ರೀಸು ಕೆರೆದು, ಹೊಸದು ಹಾಕಿ ನೋಡಿದೆ. ಸಮೋಸ ಸಮೋಸವೇ. ಕ್ಯಾಮೆರಾ ಓರೆಯಾಗಿ ಕೂತಿದ್ದರೆ ಚಿತ್ರದ ಒಂದು ಮಗ್ಗುಲು ಚೆನ್ನಾಗಿದ್ದು ಇನ್ನೊಂದು ಕೆಟ್ಟಿರಬೇಕು. ಇಲ್ಲಿ ನಡುವಿನಿಂದ ಅಂಚಿನವರೆಗೆ ಎಲ್ಲವೂ ಒಂದೇ ತೆರನಾಗಿ ಕೆಟ್ಟಿದ್ದವು. ಕನ್ನಡಿಯ ಮುಖ ವಾಲಿದ್ದರೆ ನಕ್ಷತ್ರಕ್ಕೆ ಬಾಲ ಬರಬೇಕು, ಬಾಲವಿಲ್ಲ. ಇಬ್ಬನಿ ಕೂತಿದ್ದರೆ ಸುತ್ತ ಮಬ್ಬು ಇರಬೇಕು, ಮಬ್ಬಿಲ್ಲ. ಗಾಳಿಯ ಅನುಮಾನಕ್ಕೆ ಅವ್ವನ ಹಳೆಯ ಜಮಖಾನೆಯನ್ನೇ ಪರದೆ ಕಟ್ಟಿದೆ, ಮೂಲೆ ಹೋಗಲಿಲ್ಲ, ಅವ್ವನಿಂದ ಬೈಸಿಕೊಂಡದ್ದೇ ಬಂತು. ದಿನವೂ ಊಟ ಮುಗಿಸಿ ಊರು ಮಲಗಿದಾಗ ನಾನೊಬ್ಬಳು ತಾರಸಿಯಲ್ಲಿ ಒಂದೊಂದೇ ಅನುಮಾನವನ್ನು ತಳ್ಳಿಹಾಕುತ್ತಿದ್ದೆ.

ಕೊನೆಗೆ ಕೊಳವೆಯನ್ನು ಅದು ಕೂತಿರುವ ತೊಟ್ಟಿಲಿನಂಥ ಕಟ್ಟಿನಲ್ಲಿ ಅರ್ಧ ಸುತ್ತು ಹೊರಳಿಸಿ ಚಿತ್ರ ತೆಗೆದೆ. ಆಕಾಶಕ್ಕೆ ಹೋಲಿಸಿ ನೋಡಿದರೆ ಮೂಲೆಗಳೂ ಕೊಳವೆಯಷ್ಟೇ ಹೊರಳಿದ್ದವು. ಅಂದರೆ ತಪ್ಪು ಆಕಾಶದಲ್ಲಿಲ್ಲ, ಮೋಟಾರಿನಲ್ಲಿಲ್ಲ, ನನ್ನ ಕೈಯಲ್ಲಂತೂ ಇಲ್ಲ. ಅದು ಕೊಳವೆಯ ಒಳಗೇ ಇದೆ. ಕೊಳವೆಯ ಒಳಗೆ ಇರುವುದು ಅವ್ವನ ಕನ್ನಡಿ. ಆ ಕ್ಷಣ ಊರಿನವರೇ ಸರಿಯೇನೋ ಅನ್ನಿಸಿತು. ಆದರೆ ಒಂದು ವಿಷಯ ನನ್ನನ್ನು ಬಿಡಲಿಲ್ಲ. ಬೇಸಿಗೆಯ ಚಿತ್ರಗಳಲ್ಲಿ ಮೂಲೆ ಮೊಂಡಾಗಿರುತ್ತಿತ್ತು, ಚಳಿ ಬಿದ್ದಾಗ ಚೂಪಾಗುತ್ತಿತ್ತು. ಗಾಜನ್ನು ತಪ್ಪಾಗಿ ಉಜ್ಜಿದ್ದರೆ ಬೇಸಿಗೆಯಲ್ಲೂ ಚಳಿಯಲ್ಲೂ ತಪ್ಪು ಒಂದೇ ಸಮ ಇರಬೇಕಲ್ಲವೇ? ಚಳಿಗೆ ಮುದುಡಿಕೊಂಡು ಗಾಜನ್ನು ಹಿಸುಕುವುದು ಅದನ್ನು ಹಿಡಿದಿರುವ ಲೋಹ. ಟಾರ್ಚು ಹಿಡಿದು ಕೊಳವೆಯೊಳಗೆ ತಲೆ ಹಾಕಿ ನೋಡಿದೆ. ಕ್ಲಿಪ್ಪುಗಳಡಿಯ ರಬ್ಬರು ಹಿಂಡಿಹೋಗಿ ಕಾಗದದಷ್ಟು ತೆಳ್ಳಗಾಗಿತ್ತು. ಮೂರು ಕ್ಲಿಪ್ಪು, ಮೂರು ಮೂಲೆ. ವರ್ಷ ವರ್ಷವೂ ನಾವು ಹೂ ಮುಡಿಸಿ, ಚಪ್ಪಾಳೆ ತಟ್ಟಿ, ಅವ್ವನ ಕನ್ನಡಿಯ ಕತ್ತು ಹಿಸುಕುತ್ತಿದ್ದೆವು.

ಅವ್ವ ರೊಟ್ಟಿ ತಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ತಟ್ಟಿದ ರೊಟ್ಟಿಯ ಅಂಚನ್ನು ಮೂರು ಬೆರಳಿನಿಂದ ಮೂರು ಕಡೆ ಒತ್ತಿ ತೋರಿಸಿದೆ. ನಡುವೆ ಉಬ್ಬಿತು, ಅಂಚು ಸೊಟ್ಟಗಾಯಿತು.

"ಹಿಟ್ಟಿಗೂ ಗಾಜಿಗೂ ವ್ಯತ್ಯಾಸ ಗೊತ್ತಿಲ್ವೇನೇ ನಿಂಗೆ?" ಎಂದಳು.

"ನೀನೇ ಹೇಳ್ತಿದ್ದೆಯಲ್ಲವ್ವ, ಉಜ್ಜೋವಾಗ ಅಂಗೈ ಬಿಸಿ ತಾಗಿದ್ರೂ ಗಾಜು ಉಬ್ಬುತ್ತೆ, ಆರೋವರೆಗೂ ಕಾಯ್ಬೇಕು ಅಂತ. ಅಂಗೈ ಬಿಸಿಗೇ ಉಬ್ಬೋ ಗಾಜು ಷಡಕ್ಷರಿ ಭುಜಕ್ಕೆ ಏನಾಗಬೇಡ?"

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಲಿಲ್ಲ. ಹಿಟ್ಟಾದ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಗಾಜಿನ ವಿಷಯದಲ್ಲಿ ಅವಳಿಗೆ ಎರಡು ಸಲ ಹೇಳಬೇಕಾಗಿಲ್ಲ. ಕನ್ನಡಿ ಕೆಟ್ಟಿಲ್ಲ ಎಂದು ತಿಳಿದು ಅವಳ ಮುಖ ಒಂದು ಗಳಿಗೆ ಅರಳಿದ್ದನ್ನು ನಾನು ಕಂಡೆ. ಆಮೇಲೆ ಅದು ಬಾಡಿತು.

"ಮೊದಲ್ನೇ ಸುತ್ತು ನಂದಲ್ವೇನೇ?" ಎಂದಳು.

"ಹೂಂ."

"ನನ್ನ ನೋಡ್ಕೊಂಡೇ ಅಲ್ವಾ ಎಲ್ರೂ ಬಿಗಿದಿದ್ದು?"

ಅವಳ ಮರ್ಯಾದೆ ಉಳಿಸಬೇಕೆಂದು ನಾನೇ ಒಂದು ಉಪಾಯ ಹೇಳಿದೆ. ನಾಳೆ ನಡುಗತ್ತಲಿನಲ್ಲಿ ತಾರಸಿಗೆ ಯಾರೂ ಬರುವುದಿಲ್ಲ, ನಾನೊಬ್ಬಳೇ ಮೂರೂ ಸ್ಕ್ರೂ ಸಡಿಲಿಸಿಬಿಡುತ್ತೇನೆ, ಚಿತ್ರ ತಾನಾಗಿ ಸರಿಹೋಯಿತು ಎಂದರೆ ಮುಗಿಯಿತು, ಯಾರ ಮನೆಯ ಮರ್ಯಾದೆಗೂ ಕುಂದಿಲ್ಲ ಎಂದೆ. ಅವ್ವ ನನ್ನನ್ನು ಕಳ್ಳಿಯನ್ನು ನೋಡುವ ಹಾಗೆ ನೋಡಿದಳು.

"ನಾನೇನು ಕದ್ದು ಬಿಗಿದಿದ್ನಾ? ಊರೆಲ್ಲ ನೋಡ್ತಿತ್ತು. ಬಿಚ್ಚೋದೂ ಊರ ಮುಂದೇನೇ. ಕದ್ದು ಬಿಚ್ಚಿದ್ರೆ ಬರೋ ವರ್ಷ ಮತ್ತೆ ಬಿಗೀತಾರೆ, ನಿಂಗೆ ಅಷ್ಟೂ ತಲೆ ಓಡಲ್ವಾ?" ಎಂದು ರೊಟ್ಟಿಯನ್ನು ಮತ್ತೆ ಉಂಡೆ ಮಾಡಿ ತಟ್ಟತೊಡಗಿದಳು.

ವಾರ್ಷಿಕದ ದಿನ ವಾಲಗದವರನ್ನು ಕರೆಸಿದ್ದರು. ಹೊಸ ಕನ್ನಡಿ ಮರದ ಪೆಟ್ಟಿಗೆಯಲ್ಲಿ ಹುಲ್ಲಿನ ನಡುವೆ ಮಲಗಿತ್ತು. ಫಾಲಾಕ್ಷಪ್ಪನವರ ಕೈಯಲ್ಲಿ ಹಳೆಯದಕ್ಕೆ ಹಾಕುವ ಸೇವಂತಿಗೆ ಹಾರ. ಊಟ ಬೇಗ ಮುಗಿಸಿ ಜನ ತಾರಸಿ ತುಂಬಿದ್ದರು, ಬಿಸಿಲು ಇನ್ನೂ ಇತ್ತು. ರೆಹಮತ್ ಬೀ ಬೆಳಿಗ್ಗೆಯಷ್ಟೇ ಕುಂಬಾರ ಕೇರಿಯಲ್ಲಿ ಒಂದು ಹೆಣ್ಣುಕೂಸಿನ ಹೆರಿಗೆ ಮಾಡಿಸಿ, ನಿದ್ದೆಗೆಟ್ಟ ಕಣ್ಣಲ್ಲಿ ಬಂದು ಕೂತಿದ್ದರು. ಅವ್ವ ರೇಷ್ಮೆ ಸೀರೆ ಉಟ್ಟಿದ್ದಳು. ಕನ್ನಡಿ ಇಳಿಸಲು ಸ್ಕ್ರೂಡ್ರೈವರ್ ತಂದವನ ಕೈಯಿಂದ ಅದನ್ನು ಕಿತ್ತುಕೊಂಡು ಅವಳು ಜನರ ಕಡೆ ತಿರುಗಿದಳು.

"ಕೇಳ್ರಪ್ಪ. ನಕ್ಷತ್ರಕ್ಕೆ ಮೂಲೆ ಬಂದಿರೋದು ಕನ್ನಡಿಯಿಂದಲ್ಲ, ನಾವು ಬಿಗಿದಿದ್ದರಿಂದ. ಗಾಜಿಗೆ ಉಸಿರಾಡೋಕೆ ಜಾಗ ಬೇಕು. ಮೊದಲು ತಪ್ಪು ಮಾಡಿದೋಳು ನಾನು. ನೀವೆಲ್ಲ ನನ್ನ ಹಿಂದೆ ಬಂದೋರು. ತಪ್ಪಲ್ಲೂ ಈ ಊರಿಗೆ ನಾನೇ ಮೊದಲು!" ಎಂದಳು. ತಪ್ಪೊಪ್ಪಿಕೊಳ್ಳುವಾಗಲೂ ಜಂಬ ಬಿಡದ ಹೆಂಗಸನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ. ಯಾರಾದರೂ ಬಾಯಿ ತೆರೆಯುವ ಮೊದಲೇ ಕೊಳವೆಯ ತಳಕ್ಕೆ ಬಗ್ಗಿ, ತನ್ನ ಸ್ಕ್ರೂವಿಗೆ ಕೈ ಹಾಕಿ, ಎಲ್ಲರೂ ನೋಡುವಂತೆ ಹಿಂದಕ್ಕೆ ತಿರುಗಿಸಿದಳು.

ಗದ್ದಲವೆದ್ದಿತು. ಫಾಲಾಕ್ಷಪ್ಪನವರು, "ಸರ್ವಮಂಗಳಕ್ಕ, ಅದು ನಮ್ಮ ತಂದೆಯವರು ಬಿಗಿದು ಹೋದ ಸ್ಕ್ರೂ ಕೂಡ ಹೌದು" ಎಂದರು. ರೆಹಮತ್ ಬೀ ಎದ್ದು ಬಂದರು. "ಮಂಗಳಾ, ನಂಗೆ ಜನ್ಮದಲ್ಲಿ ಸಿಕ್ಕಿದ್ದು ಇದೊಂದು ಮರ್ಯಾದೆ. ಅದೂ ತಪ್ಪಾ?" ಎಂದು ಕೇಳಿದರು. ಅವ್ವ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ರೆಹಮತ್ ಬೀ ಕೊಳವೆಯ ತಳಕ್ಕೆ ಬಗ್ಗಿ, ಹಿಂಡಿಹೋದ ರಬ್ಬರನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ, "ಕೂಸಿನ ತಲೆ ಬಿಗಿಯಾಗಿ ಹಿಡೀಬೇಡ್ರೇ, ಆಕಾರ ಕೆಡುತ್ತೆ ಅಂತ ಮನೆಮನೇಲೂ ಬಯ್ಕೊಂಡು ಬರ್ತೀನಿ. ಇಲ್ಲಿ ನಾನೇ ಬಿಗಿದಿದ್ದೀನಲ್ಲ" ಎಂದು ಸ್ಕ್ರೂಡ್ರೈವರಿಗೆ ಕೈ ಚಾಚಿದರು. ಅವರು ತಿರುಗಿಸಿದ್ದು ಒಂದಿಷ್ಟೇ, ಮಗುವಿನ ಕುಲಾವಿಯ ದಾರ ಸಡಿಲಿಸುವಷ್ಟು ಹಗುರವಾಗಿ. ಅವರು ಬಿಚ್ಚಿದ ಮೇಲೆ ಬೇಡವೆನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನ ಅವರ ಕೈಗೇ ಮೊದಲು ಬಿದ್ದವರು.

ಸುತ್ತು ಬಿಗಿದವರು ಸಾಲಾಗಿ ಬಂದು ತಮ್ಮ ತಮ್ಮ ಸುತ್ತು ಬಿಚ್ಚಿದರು. ತೀರಿಕೊಂಡವರ ಪರವಾಗಿ ಮಕ್ಕಳು ಬಂದರು. ಫಾಲಾಕ್ಷಪ್ಪನವರು ಕಣ್ಣೊರೆಸಿಕೊಂಡು ಅಪ್ಪನ ಸುತ್ತು ಬಿಚ್ಚಿದರು. ಮೂರನೆಯ ಸ್ಕ್ರೂ ಮಾತ್ರ ಯಾರ ಕೈಗೂ ಜಗ್ಗಲಿಲ್ಲ. ಹಿಂದೆ ಕೈಕಟ್ಟಿ ನಿಂತಿದ್ದ ಷಡಕ್ಷರಿ ಮೀಸೆಯಡಿ ನಗುತ್ತಿದ್ದ. "ಅದು ನಾನು ಬಿಗಿದಿದ್ದು. ಇನ್ನೊಬ್ರ ಕೈಲಿ ಆಗಲ್ಲ" ಎಂದು ಅಂಗಿಯ ತೋಳು ಮಡಿಸಿಕೊಂಡು ಬಂದು, ಬಿಗಿದ ದಿನಕ್ಕಿಂತ ದೊಡ್ಡ ಉಸಿರು ಬಿಟ್ಟು, ಕಿರ್ರೆನ್ನಿಸಿ ಬಿಚ್ಚಿದ. ಅವನಿಗೂ ಚಪ್ಪಾಳೆ ಬಿತ್ತು. ನಾನು ಕ್ಲಿಪ್ಪಿಗೂ ಗಾಜಿಗೂ ನಡುವೆ ಒಂದು ಕಾಗದದ ಚೂರು ತೂರಿಸಿ, ಮೂರು ಕಡೆಯೂ ಅದು ತಡೆಯಿಲ್ಲದೆ ಸರಿಯುವಂತೆ ಮಾಡಿದೆ. ಕನ್ನಡಿಯ ಮುಖವನ್ನು ಮತ್ತೆ ನೆಟ್ಟಗೆ ಹೊಂದಿಸಿದೆ. ಅಷ್ಟು ಹೊತ್ತಿಗೆ ಬಿಸಿಲು ಹಳದಿಯಾಗಿ, ಬೂದಿಯಾಗಿ, ನಡುಗತ್ತಲು ಬಂತು.

ಆವತ್ತು ಊರಿನಲ್ಲಿ ಯಾರೂ ಮಲಗಲಿಲ್ಲ. ನಾನು ಕ್ಯಾಮೆರಾ ತೆರೆದು ಆಕಾಶಕ್ಕೆ ಕೊಟ್ಟೆ. ಮೋಟಾರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ, ವಾಲಗದವನು ಕೂಡ ಉಸಿರು ಹಿಡಿದಿದ್ದ. ಇದೂ ಸಮೋಸವೇ ಬಂದರೆ ಅವ್ವ ಊರ ಮುಂದೆ ತಲೆ ತಗ್ಗಿಸಿಕೊಂಡು ಮನೆಗೆ ನಡೆಯಬೇಕು, ಕನ್ನಡಿಗೆ ಆ ಹಾರ ಬೀಳಬೇಕು. ಚಿತ್ರ ಕ್ಯಾಮೆರಾಕ್ಕೆ ಜೋಡಿಸಿದ ತೆರೆಯ ಮೇಲೆ ಬಂತು. ನಾನು ಒಂದು ನಕ್ಷತ್ರವನ್ನು ದೊಡ್ಡದು ಮಾಡಿದೆ, ಪಕ್ಕದ ಇನ್ನೊಂದನ್ನು ಮಾಡಿದೆ, ಅಂಚಿನದೊಂದನ್ನು ಮಾಡಿದೆ. ದುಂಡಗಿದ್ದವು. ನಡುವಿನವೂ ದುಂಡಗೆ, ಅಂಚಿನವೂ ದುಂಡಗೆ, ಸಾಸಿವೆಯ ಹಾಗೆ ಪುಟ್ಟಗೆ, ಅಚ್ಚುಕಟ್ಟಾಗಿ. ಯಾರೋ ಹಿಂದಿನಿಂದ ಓ ಎಂದರು, ತಾರಸಿಯೇ ಓ ಎಂದಿತು. ಫಾಲಾಕ್ಷಪ್ಪನವರು ಹಾರವನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಪೆಟ್ಟಿಗೆಯನ್ನು ಬಂದ ಹಾಗೆಯೇ ವಾಪಸು ಕಳಿಸಲು ಹೇಳಿದರು.

ಜನರೆಲ್ಲ ಅವ್ವನ ಕಡೆ ತಿರುಗಿದರು. ಇನ್ನು ಇವಳ ಜಂಬವನ್ನು ಎಷ್ಟು ಕಾಲ ಕೇಳಬೇಕೋ ಎಂಬ ಚಿಂತೆ ಒಬ್ಬೊಬ್ಬರ ಮುಖದಲ್ಲೂ ಇತ್ತು, ಕೇಳುವ ಆಸೆಯೂ ಇತ್ತು. ಅವ್ವ ತೆರೆಯ ಹತ್ತಿರ ಬಗ್ಗಿ, ಒಂದೊಂದೇ ನಕ್ಷತ್ರವನ್ನು ಅಕ್ಕಿ ಆರಿಸುವ ಹಾಗೆ ನೋಡಿದಳು. ಆಮೇಲೆ ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಂಡು ನನ್ನ ರಟ್ಟೆ ಹಿಡಿದು ಮುಂದಕ್ಕೆ ಎಳೆದಳು.

"ನೀವೆಲ್ಲ ಕನ್ನಡಿ ಕೆಟ್ಟಿದೆ ಅಂದ್ರಿ. ನಾನು ಇವಳ ಕೈ ಕೆಟ್ಟಿದೆ ಅಂದೆ. ಇವಳು ನಿಮ್ಮ ಮಾತೂ ಕೇಳ್ಲಿಲ್ಲ, ನನ್ನ ಮಾತೂ ಕೇಳ್ಲಿಲ್ಲ, ನಕ್ಷತ್ರ ಏನು ಹೇಳುತ್ತೋ ಅದನ್ನ ಕೇಳಿದ್ಲು" ಎಂದಳು. ಒಮ್ಮೆ ಕೆಮ್ಮಿ ಮುಂದುವರಿಸಿದಳು. "ಕನ್ನಡಿ ಉಜ್ಜೋಕೆ ತೋಳಿದ್ರೆ ಸಾಕು ಕಣ್ರಪ್ಪ. ಇದಕ್ಕೆ ತಲೆ ಬೇಕು. ನನ್ನ ಮಗಳು ಇವಳು, ದಾಕ್ಷಾಯಿಣಿ. ಎಲ್ರೂ ನೋಡ್ಕೊಳ್ಳಿ."

ನನಗೆ ತೆರೆಯ ಮೇಲಿನ ದುಂಡು ನಕ್ಷತ್ರಗಳೆಲ್ಲ ಕದಡಿ ಒಂದಾದವು. ಅವ್ವ ರಟ್ಟೆ ಬಿಡಲೇ ಇಲ್ಲ, ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ನನ್ನ ಮುಖವನ್ನು ಒರಟಾಗಿ ಒರೆಸಿದಳು.

"ಅಳೋದೆಲ್ಲ ಬಿಸಿಲು ಬಂದ ಮೇಲೆ. ಕುಂಬಾರ ಕೇರಿ ಕೂಸಿನ ಚಿತ್ರ ತೆಗಿ ಮೊದಲು, ಕತ್ತಲು ಹೋಗ್ತಾ ಇದೆ" ಎಂದಳು.